ಉಸಿರಿನ ನಳಿಗೆ, ಒಲ್ಲದ ಗಂಟಲು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟಗಳಲ್ಲಿ ನಾಗರಹಾವಿನ ಭಯ ಇಂದು ನಿನ್ನೆಯದಲ್ಲ. ವಿಷವೇರಿದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಗಂಟಲಿಗೆ ನಳಿಗೆಯಿಳಿಸಿ ಯಂತ್ರದಿಂದ ಉಸಿರೂಡಬೇಕಾದೀತು. ವಿಷವಿಳಿದು ಬಲ ಮರಳಿತೋ, ಜೀವವುಳಿಸಿದ ನಳಿಗೆಯನ್ನೇ ಗಂಟಲು ಕೆಮ್ಮಿ ಹೊರದೂಡಲು ನೋಡುತ್ತದೆ!

ಈ ಜಗಳ ಹಳೆಯದು. 1952ರ ಆಗಸ್ಟಿನಲ್ಲಿ, ಕೋಪನ್‌ಹೇಗನ್ನಿನ ಪೋಲಿಯೋ ಪಿಡುಗಿನ ನಡುವೆ, ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ನರ ಸಲಹೆಯಂತೆ 12 ವರ್ಷದ ಹುಡುಗಿಯೊಬ್ಬಳ ಕೊರಳನ್ನಷ್ಟೇ ಮರಗಟ್ಟಿಸಿ ನಳಿಗೆಯಿರಿಸಿದರು. ಆಕೆ ಒದ್ದಾಡಿದ ಪರಿಯೆಂದರೆ, ನಿದ್ದೆಯ ಮದ್ದು ಕೊಟ್ಟ ಮೇಲೆಯೇ ಗಾಳಿ ಸರಿಯಾಗಿ ಒಳಹೋದದ್ದು. ಹುಡುಗಿ ಬದುಕಿದಳು. ಆದರೆ ಆ ನಿದ್ದೆ ದಿನಗಟ್ಟಲೆ ಮುಂದುವರಿದರೆ ಮೈ ಸೊರಗುತ್ತದೆ, ಬುದ್ಧಿ ಮಂಕಾಗುತ್ತದೆ.

ರೋಗಿಯ ಬದಲು ಗಂಟಲನ್ನಷ್ಟೇ ಮಲಗಿಸಬಾರದೆ? ಹಲ್ಲುನೋವಿಗೆ ಲವಂಗ ಕಚ್ಚಿಸುವ ಅಜ್ಜಿಯ ತರ್ಕವೂ ಇದೇ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನ್ ತಯಾರಿಸಿದರು. ಹಲ್ಲು ಕೀಳುವ ಮುನ್ನ ಚುಚ್ಚುವ ಈ ಮದ್ದನ್ನು ನಳಿಗೆಯ ಸುತ್ತಣ ಪುಟ್ಟ ಬಲೂನಿಗೆ ತುಂಬಿದರೆ, ಮೆಲ್ಲನೆ ಜಿನುಗಿ ಒಳಗೋಡೆಯನ್ನು ತಣಿಸುತ್ತದೆ. ಶಸ್ತ್ರಚಿಕಿತ್ಸೆ ಮುಗಿಸಿ ಏಳುವವರಲ್ಲಿ ಹೀಗೆ ಕೆಮ್ಮು ತಗ್ಗಿದೆ. ತೀವ್ರನಿಗಾ ಕೋಣೆಯಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು: ಕೆಮ್ಮೆಂಬ ಕಾವಲುಗಾರ ಪೂರಾ ಮಲಗಿದರೆ ಕಫ ಶ್ವಾಸಕೋಶದಲ್ಲೇ ನಿಲ್ಲುತ್ತದೆ, ಮದ್ದು ಮಿತಿಮೀರಿ ರಕ್ತಕ್ಕೆ ಸೇರಿದರೆ ಫಿಟ್ಸ್ ಬರಬಹುದು.