ಪಿಶಾಚಿ ಉಚ್ಚಾಟನೆ: ಧರ್ಮಸಭೆ ನಡೆದುಬಂದ ದಾರಿ



ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಮೇಣದಬತ್ತಿ ಹಿಡಿದು ನಾವೆಲ್ಲರೂ ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಆಗ ಗುರುಗಳು ಮೊದಲು ಕೇಳುವುದು, ಸೈತಾನನನ್ನು ತ್ಯಜಿಸುವಿರಾ ಎಂದು. ಸೈತಾನನಿದ್ದಾನೆ ಎಂಬುದು ಧರ್ಮಸಭೆಯ ಬೋಧನೆ. ಆದರೆ ನರಳುವ ಪ್ರತಿಯೊಬ್ಬರ ಮೈಯಲ್ಲೂ ಅವನೇ ಹೊಕ್ಕಿದ್ದಾನೆ ಎಂಬುದು ಅದರ ಬೋಧನೆಯಲ್ಲ. ಈ ವ್ಯತ್ಯಾಸವನ್ನು ಮರೆತಾಗಲೆಲ್ಲ ಬಡಪಾಯಿಗಳು ಬೆಲೆ ತೆತ್ತಿದ್ದಾರೆ.

ಪ್ರಭು ಯೇಸು ಕಫೆರ್ನವುಮಿನ ಪ್ರಾರ್ಥನಾಮಂದಿರದಲ್ಲಿ ಅಶುದ್ಧಾತ್ಮ ಪೀಡಿತನನ್ನು ಬಿಡಿಸಿದ್ದು ಬರೀ ಮಾತಿನಿಂದ. ಅಲ್ಲಿ ಬೇವಿನ ಸೊಪ್ಪಿನ ಏಟಿರಲಿಲ್ಲ, ಮೆಣಸಿನಕಾಯಿ ಹೊಗೆಯಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಸಂತ ಮತ್ತಾಯರು ನಾಲ್ಕನೆಯ ಅಧ್ಯಾಯದಲ್ಲಿ ದೆವ್ವ ಹಿಡಿದವರನ್ನು, ಮೂರ್ಛಾರೋಗಿಗಳನ್ನು, ಪಾರ್ಶ್ವವಾಯು ಪೀಡಿತರನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತಾರೆ.

ಆದಿಸಭೆಯಲ್ಲಿ ಈ ಸೇವೆಗೆಂದೇ ಜನರಿದ್ದರು. ಸುಮಾರು 251ರಲ್ಲಿ ಜಗದ್ಗುರು ಕೊರ್ನೇಲಿಯುಸರು ಬರೆದ ಪತ್ರದ ಪ್ರಕಾರ ರೋಮ್ ಧರ್ಮಸಭೆಯಲ್ಲಿ 46 ಗುರುಗಳಿದ್ದರು. ಉಚ್ಚಾಟಕರು, ವಾಚಕರು, ದ್ವಾರಪಾಲಕರು ಸೇರಿ 52 ಮಂದಿ ಇದ್ದರು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರ ಮೇಲೆ ಪ್ರಾರ್ಥಿಸುವುದು ಉಚ್ಚಾಟಕರ ಮುಖ್ಯ ಕೆಲಸವಾಗಿತ್ತು. 416ರಲ್ಲಿ ಜಗದ್ಗುರು ಮೊದಲನೆಯ ಇನ್ನೊಸೆಂಟರು, ಪೀಡಿತರ ಮೇಲೆ ಹಸ್ತನಿಕ್ಷೇಪ ಮಾಡಲು ಧರ್ಮಾಧ್ಯಕ್ಷರ ಅಪ್ಪಣೆ ಬೇಕೆಂದು ಬರೆದರು. ಮನಬಂದವರು ಮನಬಂದಂತೆ ಮಾಡುವ ಕೆಲಸ ಇದಲ್ಲವೆಂಬ ಅರಿವು ಅಷ್ಟು ಹಳೆಯದು.

ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಯುದ್ಧ ನಡೆದಿದ್ದ ಕಾಲದಲ್ಲಿ, ಉಚ್ಚಾಟನೆ ಜನಜಂಗುಳಿಯ ಮುಂದಿನ ಪ್ರದರ್ಶನವಾಯಿತು. ಆ ಶತಮಾನದ ಕೊನೆಯಲ್ಲಿ ಮಾರ್ತಾ ಬ್ರೋಸಿಯೆ ಎಂಬ ಯುವತಿಯನ್ನು ಊರೂರಿಗೆ ಕರೆದೊಯ್ದರು. ಆಂಜೆ ನಗರದ ಧರ್ಮಾಧ್ಯಕ್ಷರು ಅವಳನ್ನು ಜಾಣತನದಿಂದ ಪರೀಕ್ಷಿಸಿದರು. ಸಾಮಾನ್ಯ ನೀರನ್ನು ತೀರ್ಥವೆಂದು ಕೊಟ್ಟರು. ಪ್ರಾರ್ಥನೆಯ ಬದಲು ಲತೀನ್ ಕವಿ ವರ್ಜಿಲನ ಕಾವ್ಯದ ಸಾಲನ್ನು ಓದಿದರು. ಅವಳು ಆಗಲೂ ಬಿದ್ದು ಒದ್ದಾಡಿದಳು! 1599ರಲ್ಲಿ ಪ್ಯಾರಿಸಿನ ವೈದ್ಯ ಮಾರೆಸ್ಕೊ, ಇದರಲ್ಲಿ ದೆವ್ವದ ಕೈವಾಡವಿಲ್ಲವೆಂದು ವರದಿ ಬರೆದರು.

1614ರಲ್ಲಿ ಜಗದ್ಗುರು ಐದನೆಯ ಪೌಲರು ರೋಮನ್ ವಿಧಿಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಉಚ್ಚಾಟಕನಿಗೆ ಕೊಟ್ಟ ಮೊದಲ ಎಚ್ಚರಿಕೆಯೇ, ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬೇಡ ಎಂಬುದು. ವ್ಯರ್ಥ ಕುತೂಹಲದ ಪ್ರಶ್ನೆ ಕೇಳಬಾರದು, ಔಷಧದ ಕೆಲಸವನ್ನು ವೈದ್ಯರಿಗೇ ಬಿಡಬೇಕು ಎಂದೂ ಅದು ವಿಧಿಸಿತು.

ನಿಯಮವಿದ್ದರೂ ಅದನ್ನು ಪಾಲಿಸದಿದ್ದರೆ ಏನಾಗುತ್ತದೆ? ಲೂಡೂನ್ ಪಟ್ಟಣದ ಕನ್ಯಾಮಠದಲ್ಲಿ ಜನ ಸೇರಿಸಿ ಉಚ್ಚಾಟನೆ ನಡೆಸಿ, ದೆವ್ವದ ಬಾಯಿಂದ ಬಂತೆಂದ ಮಾತನ್ನೇ ಸಾಕ್ಷ್ಯವಾಗಿ ಹಿಡಿದರು. 1634ರ ಆಗಸ್ಟ್ 18ರಂದು ಉರ್ಬೆನ್ ಗ್ರಾಂಡಿಯೆ ಎಂಬ ಗುರುವನ್ನು ಸುಟ್ಟು ಕೊಂದರು. ಸುಳ್ಳಿನ ತಂದೆಯೆಂದು ಪ್ರಭುವೇ ಕರೆದವನ ಮಾತನ್ನು ನಂಬಿ ನ್ಯಾಯ ತೀರಿಸಿದಂತಾಯಿತು. ಅಷ್ಟಾದ ಮೇಲೂ ಅಲ್ಲಿ ಉಚ್ಚಾಟನೆಗಳು ವರ್ಷಗಟ್ಟಲೆ ಮುಂದುವರಿದವು.

ಇವೆಲ್ಲ ಹಳೆಯ ಕಥೆಗಳೆನ್ನಬೇಡಿ. ಜರ್ಮನಿಯ ಕ್ಲಿಂಗೆನ್‌ಬರ್ಗ್‌ನಲ್ಲಿ ಮೂರ್ಛಾರೋಗಕ್ಕೆ ಚಿಕಿತ್ಸೆ ಪಡೆದಿದ್ದ ಭಕ್ತ ಕುಟುಂಬದ ವಿದ್ಯಾರ್ಥಿನಿಯೊಬ್ಬಳಿಗೆ 1975ರ ಸೆಪ್ಟೆಂಬರಿನಿಂದ 67 ಬಾರಿ ಉಚ್ಚಾಟನೆ ನಡೆಯಿತು. ಧರ್ಮಾಧ್ಯಕ್ಷರ ಅಪ್ಪಣೆಯೂ ಇತ್ತು. ಆದರೆ ಅವಳು ಅನ್ನ ಬಿಟ್ಟಾಗ ವೈದ್ಯರನ್ನು ಕರೆಸಲಿಲ್ಲ. 1976ರ ಜುಲೈ 1ರಂದು, ತನ್ನ 23ನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಾಗ ತೂಕ ಸುಮಾರು 31 ಕಿಲೋ. 1978ರಲ್ಲಿ ನ್ಯಾಯಾಲಯವು ತಂದೆತಾಯಿಯನ್ನೂ ಇಬ್ಬರು ಗುರುಗಳನ್ನೂ ನಿರ್ಲಕ್ಷ್ಯದಿಂದಾದ ಸಾವಿಗೆ ಹೊಣೆಯಾಗಿಸಿತು. ಅವರಲ್ಲಿ ಯಾರೂ ಅವಳಿಗೆ ಕೇಡು ಬಯಸಿದವರಲ್ಲ. ನಮ್ಮನ್ನು ಹೆಚ್ಚು ಕಾಡಬೇಕಾದದ್ದು ಇದೇ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಪಡೆದ ಗುರು ಮಾತ್ರ ಇದನ್ನು ನಡೆಸಬಹುದು. ಆತನಲ್ಲಿ ಭಕ್ತಿ, ಜ್ಞಾನ, ವಿವೇಕ, ಶುದ್ಧ ನಡತೆ ಇರಬೇಕು. 1999ರಲ್ಲಿ ಹೊರಬಂದ ಹೊಸ ವಿಧಿಯೂ, ಕಾಯಿಲೆಯನ್ನು ದೆವ್ವವೆಂದು ಭ್ರಮಿಸದಂತೆ ಎಚ್ಚರಿಸುತ್ತದೆ. ನಮ್ಮ ರಾಜ್ಯದಲ್ಲೂ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯಿದೆ ರೂಪಿಸಲಾಗಿದೆ.

ಆದ್ದರಿಂದ ಪ್ರಿಯರೇ, ಮನೆಯ ಮಗಳು ನಿದ್ದೆಗೆಟ್ಟು ಒಬ್ಬಳೇ ಮಾತಾಡಿಕೊಂಡರೆ ಅವಳ ಜಡೆ ಹಿಡಿದು ಎಳೆಯುವವರ ಬಳಿಗೆ ಒಯ್ಯಬೇಡಿ. ಮನೋವೈದ್ಯರಿಗೆ ತೋರಿಸಿ, ಅವರು ಕೊಟ್ಟ ಮಾತ್ರೆಯನ್ನು ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಬೇಡಿ. ಜೊತೆಗೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕರೆಯಿರಿ. ರೋಗಿಯ ಬಳಿ ಕುಳಿತು ಪ್ರಾರ್ಥಿಸುವುದಕ್ಕೆ ಯಾವ ವಿಶೇಷ ಅನುಮತಿಯೂ ಬೇಕಿಲ್ಲ. ಶಿಶುವಿಗೆ ದೀಕ್ಷಾಸ್ನಾನ ಕೊಡುವಾಗಲೇ ಧರ್ಮಸಭೆ ಕೇಡಿನಿಂದ ಬಿಡುಗಡೆಗಾಗಿ ಬೇಡುತ್ತದೆ. ಆ ದಿನ ನಾವು ಕ್ರಿಸ್ತರಿಗೆ ಸೇರಿದವರಾದೆವು. ಕಾಯಿಲೆ ಬಿದ್ದ ಮಾತ್ರಕ್ಕೆ ಅವರು ನಮ್ಮನ್ನು ಕೈಬಿಡುವುದಿಲ್ಲ. ಪುನರುತ್ಥಾನರಾದ ಪ್ರಭು ನಿಮ್ಮ ಮನೆಗಳಿಗೆ ಶಾಂತಿಯನ್ನೂ, ನರಳುವವರಿಗೆ ಆರೋಗ್ಯವನ್ನೂ ಅನುಗ್ರಹಿಸಲಿ.