ಬಾಲವನ: ಶಾಲೆ ಬಿಟ್ಟು ತಾನೇ ಕಲಿತ ಕಲಾವಿದನ ಮನೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ಪಟ್ಟಣದ ಪರ್ಲಡ್ಕದಲ್ಲಿರುವ ಬಾಲವನ ಡಾ. ಕೆ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಕಾಲ ಪುತ್ತೂರಿನಲ್ಲಿ ನೆಲೆಸಿ ಕೆಲಸ ಮಾಡಿದ ಸ್ಥಳ. ಅವರು ಬಾಳಿದ ಮನೆಯನ್ನು ಇಂದು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಕಾರಂತರನ್ನು ನಾವು ಹೆಚ್ಚಾಗಿ ಕಾದಂಬರಿಕಾರರೆಂದು ಬಲ್ಲೆವು. ಆದರೆ ನೃತ್ಯ, ಯಕ್ಷಗಾನ, ಚಿತ್ರಕಲೆ, ಛಾಯಾಗ್ರಹಣ, ಸಿನಿಮಾ, ಮುದ್ರಣ ಇವೆಲ್ಲವೂ ಅವರು ಯಾವ ಕಲಾಶಾಲೆಯ ಪದವಿಯೂ ಇಲ್ಲದೆ ಕೈ ಹಾಕಿ ಕಲಿತ ವಿದ್ಯೆಗಳು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕುಟುಂಬಗಳು ಧರ್ಮಸ್ಥಳ, ಮೂಡಬಿದಿರೆ, ಕಾರ್ಕಳ, ವೇಣೂರು ಯಾತ್ರೆಗೆ ಹೋಗುವಾಗ ಒಂದು ದಿನ ಹೊಂದಿಸಿಕೊಂಡು ಇಲ್ಲಿಗೂ ಹೋಗಿಬರಬಹುದು. ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಿರುವ ನಮ್ಮ ಊರುಗಳಿಗೆ ಈ ಮನೆಯಿಂದ ತಿಳಿಯಬೇಕಾದ್ದು ಬಹಳ ಇದೆ.

ಕಾರಂತರ ಪರಿಚಯ

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. 1920ರ ದಶಕದ ಆರಂಭದಲ್ಲಿ ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದು ಬಿಟ್ಟರು. ಅಲ್ಲಿಗೆ ಅವರ ಕಾಲೇಜು ಶಿಕ್ಷಣ ಮುಗಿಯಿತು. ಕೆಲವು ವರ್ಷ ಖಾದಿ ಪ್ರಚಾರ, ಸಮಾಜ ಸುಧಾರಣೆಯ ಕೆಲಸದಲ್ಲಿ ಊರೂರು ತಿರುಗಿದರು, 'ವಸಂತ' ಎಂಬ ಪತ್ರಿಕೆ ನಡೆಸಿದರು. ಬಳಿಕ ಪುತ್ತೂರಿನಲ್ಲಿ ನೆಲೆಯಾದರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಸ್ನೇಹ, ಬೆಂಬಲ ಅವರಿಗೆ ಅಲ್ಲಿ ದೊರೆಯಿತು. ಇಬ್ಬರೂ ಸೇರಿ ಪುತ್ತೂರಿನಲ್ಲಿ ನಡೆಸಿದ ದಸರಾ ನಾಡಹಬ್ಬ ಕರಾವಳಿಯ ಸಾಂಸ್ಕೃತಿಕ ಬದುಕಿನಲ್ಲಿ ದೊಡ್ಡ ಹೆಸರು ಪಡೆಯಿತು.

'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಮೊದಲಾದ ಕಾದಂಬರಿಗಳು ಪುತ್ತೂರಿನ ವರ್ಷಗಳಲ್ಲಿ ಬಂದವು. 1968ರಲ್ಲಿ ಪ್ರಕಟವಾದ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಪದವಿಯಿಲ್ಲದ ಅವರಿಗೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು. 1997ರ ಡಿಸೆಂಬರ್ 9ರಂದು, 95 ದಾಟಿದ ವಯಸ್ಸಿನಲ್ಲಿ ಅವರು ನಿಧನರಾದರು.

ಕಲಿತದ್ದು ಹೇಗೆ

ಕಾರಂತರ ಕಲಿಕೆಯ ಕ್ರಮ ಸರಳ: ನೋಡುವುದು, ಮಾಡುವುದು, ತಪ್ಪಿದರೆ ಮತ್ತೆ ಮಾಡುವುದು, ಕಲಿತದ್ದನ್ನು ಬರೆದಿಡುವುದು. ಸಿನಿಮಾ ಹೇಗಾಗುತ್ತದೆಂದು ತಿಳಿಯಲು 1930ರ ಸುಮಾರಿಗೆ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತಾವೇ ತೆಗೆದರು. ಪುಸ್ತಕ ಬರೆದರೆ ಸಾಲದು, ಅಚ್ಚು ಹಾಕುವುದೂ ತಿಳಿಯಬೇಕೆಂದು ಪುತ್ತೂರಿನಲ್ಲಿ ಮುದ್ರಣಾಲಯ ನಡೆಸಿದರು. ತಮ್ಮ ಕೆಲವು ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. ಮಕ್ಕಳೊಂದಿಗೆ ಕುಣಿದು, ಕುಣಿಸಿ, ಗೀತನಾಟಕಗಳನ್ನು ಆಡಿಸಿದರು.

ಮಕ್ಕಳ ಮೇಲಿನ ಪ್ರೀತಿಯೇ 'ಬಾಲವನ' ಎಂಬ ಹೆಸರಿಗೆ ಮೂಲ. ಪಾಠ ಮಕ್ಕಳಿಗೆ ಹೊರೆಯಾಗದೆ ಆಟ, ಹಾಡು, ತೋಟ, ಕೈಕೆಲಸಗಳ ನಡುವೆ ಸಹಜವಾಗಿ ಬರಬೇಕೆಂಬ ವಿಚಾರದಿಂದ ಅವರು ಇಲ್ಲಿ ಶಿಕ್ಷಣದ ಪ್ರಯೋಗ ನಡೆಸಿದರು. ಕನ್ನಡ ಮಕ್ಕಳಿಗೆ ಜಗತ್ತಿನ ತಿಳಿವಳಿಕೆ ತಮ್ಮ ಭಾಷೆಯಲ್ಲೇ ಸಿಗಲೆಂದು 3 ಸಂಪುಟಗಳ 'ಬಾಲ ಪ್ರಪಂಚ' ಬರೆದರು. ಮುಂದೆ ದೊಡ್ಡವರಿಗಾಗಿ 4 ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ಸಂಸ್ಥೆಯೊಂದು ಮಾಡಬೇಕಾದ ಕೆಲಸವನ್ನು ಒಬ್ಬರೇ ಮೇಜಿನ ಮುಂದೆ ಕುಳಿತು ಮಾಡಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

ಯಕ್ಷಗಾನದ ಕೆಲಸ

ಕಲಾವಿದರಾಗಿ ಕಾರಂತರ ಮುಖ್ಯ ಸಾಧನೆ ಯಕ್ಷಗಾನ ಕ್ಷೇತ್ರದಲ್ಲಿದೆ. ಕೋಟ ಸೀಮೆಯಲ್ಲಿ ಹುಟ್ಟಿದ ಅವರಿಗೆ ಬಯಲಾಟ ಬಾಲ್ಯದಿಂದ ಪರಿಚಿತ. ದೊಡ್ಡವರಾದ ಮೇಲೆ ಅವರು ಅದನ್ನು ಅಭ್ಯಾಸಿಯ ಕಣ್ಣಿನಿಂದ ನೋಡಿದರು. ಭಾಗವತರನ್ನು, ವೇಷಧಾರಿಗಳನ್ನು ಹುಡುಕಿಕೊಂಡು ಹೋದರು; ಹಳೆಯ ಪ್ರಸಂಗಗಳ ಪ್ರತಿಗಳನ್ನು ಪರಿಶೀಲಿಸಿದರು; ರಾಗ, ತಾಳ, ಹೆಜ್ಜೆ, ಬಣ್ಣ, ಆಭರಣಗಳ ವಿವರ ಕಲೆಹಾಕಿದರು. ಇದರ ಫಲವಾದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮುಂದೆ ಅವರು ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗೆ ಇಳಿಸಿ, ಮಾತನ್ನು ತೆಗೆದು, ಹಾಡು ಮತ್ತು ಕುಣಿತದ ಮೇಲೆ ನಿಲ್ಲುವ ಪ್ರಯೋಗಗಳನ್ನು ರಂಗಕ್ಕೆ ತಂದರು. ಹಿಮ್ಮೇಳದಲ್ಲಿ ಪಿಟೀಲು, ಸ್ಯಾಕ್ಸೋಫೋನ್ ಬಳಸಿದರು. ಇದನ್ನು ಮೆಚ್ಚಿದವರಿದ್ದಂತೆ ಸಂಪ್ರದಾಯ ಕೆಟ್ಟಿತೆಂದು ಆಕ್ಷೇಪಿಸಿದವರೂ ಇದ್ದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಬದಲಾಯಿಸುವ ಮೊದಲು ಹಳೆಯದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ದಾಖಲಿಸಿದ್ದರಿಂದ, ಅವರ ಪ್ರಯೋಗವನ್ನು ಒಪ್ಪದವರಿಗೂ ಅವರ ಗ್ರಂಥ ಬೇಕಾಗುತ್ತದೆ.

ಮನೆ ಸ್ಮಾರಕವಾದದ್ದು

1970ರ ದಶಕದಲ್ಲಿ ಕಾರಂತರು ಹುಟ್ಟೂರಿನ ಬಳಿಯ ಸಾಲಿಗ್ರಾಮಕ್ಕೆ ವಾಸ ಬದಲಿಸಿದರು. ಬಾಲವನ ಸರ್ಕಾರದ ಸುಪರ್ದಿಗೆ ಬಂತು. ವಾಸವಿಲ್ಲದ ಮನೆಗೆ ಕರಾವಳಿಯ ಮಳೆಯೇ ಶತ್ರು. ಒಂದು ಹೆಂಚು ಜಾರಿದರೆ ನೀರು ಪಕಾಸಿಗೆ ಇಳಿಯುತ್ತದೆ, ಪಕಾಸು ಕುಂಬಾದರೆ ಗೋಡೆ ನೆನೆಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಕಾರಂತರ ಮನೆಯೂ ಹೀಗೆ ಶಿಥಿಲವಾಗಿ, ಅದನ್ನು ಉಳಿಸಬೇಕೆಂಬ ಒತ್ತಾಯ ಬಹುಕಾಲ ಕೇಳಿಬರುತ್ತಿತ್ತು. ಕೊನೆಗೆ ಹಳೆಯ ರೂಪವನ್ನು ಕೆಡಿಸದಂತೆ ದುರಸ್ತಿ ಮಾಡುವ ಕೆಲಸ ನಡೆಯಿತು.

ಇಂದು ಬಾಲವನದ ಆವರಣದಲ್ಲಿ ಕಾರಂತರ ಮನೆಯಲ್ಲದೆ ನಾಟ್ಯಶಾಲೆ, ಗ್ರಂಥಾಲಯ, ಬಯಲು ರಂಗಮಂದಿರ, ಈಜುಕೊಳ ಇವೆ. ಕಾರಂತರ ಜನ್ಮದಿನವಾದ ಅಕ್ಟೋಬರ್ 10ರ ಸುಮಾರಿಗೆ ಕಾರ್ಯಕ್ರಮಗಳು ನಡೆಯುತ್ತವೆ. ಹೀಗಾಗಿ ಇದು ಬೀಗ ಹಾಕಿದ ಸ್ಮಾರಕವಾಗದೆ ಮಕ್ಕಳು ಬಂದು ಹೋಗುವ ಜಾಗವಾಗಿ ಉಳಿದಿದೆ. ಮಕ್ಕಳನ್ನು ಕರೆದುಕೊಂಡು ಹೋದವರು ಮೊದಲು ಮನೆಯನ್ನು, ಆಮೇಲೆ ನಾಟ್ಯಶಾಲೆಯನ್ನು ತೋರಿಸುವುದು ಒಳ್ಳೆಯದು. ಒಂದೇ ಹಿತ್ತಲಿನಲ್ಲಿ ಬರವಣಿಗೆಯೂ ಕುಣಿತವೂ ನಡೆದದ್ದು ಆಗ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಪ್ರಶಸ್ತಿ ಫಲಕಗಳನ್ನು ಎಲ್ಲಿ ಬೇಕಾದರೂ ಇಡಬಹುದು. ಒಬ್ಬರು ಹೇಗೆ ಕಲಿತರು ಎಂಬುದನ್ನು ತೋರಿಸಲು ಅವರು ಕಲಿತ ಜಾಗವೇ ಬೇಕು.

ತೆಂಗಿನ ಸೀಮೆಗೆ ಇದರ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿಯೂ ತಾವೇ ಕಲಿತ ಕಲಾವಿದರಿಗೆ ಕೊರತೆಯಿಲ್ಲ. ಈ ಸೀಮೆ ಮೂಡಲಪಾಯ ಯಕ್ಷಗಾನದ ನೆಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಹೊಯ್ಸಳರ ಚನ್ನಕೇಶವ ದೇವಾಲಯಕ್ಕೆ ಹೆಸರಾದಂತೆ ಮೂಡಲಪಾಯಕ್ಕೂ ಹೆಸರಾದ ಊರು. ಮರದ ಕಿರೀಟ, ಭುಜಕೀರ್ತಿ, ಎದೆಹಾರ, ಮೃದಂಗ, ತಾಳ, ಮುಖವೀಣೆ ಈ ಆಟದ ಸೊತ್ತು. ಹಗಲು ತೋಟದಲ್ಲಿ ದುಡಿದು ರಾತ್ರಿ ಪದ ಕಲಿತವರೇ ಇದರ ಭಾಗವತರು, ವೇಷಧಾರಿಗಳು. ಕಾರಂತರು ಕರಾವಳಿಯ ಆಟಕ್ಕೆ ಮಾಡಿದ ದಾಖಲೆಯ ಕೆಲಸ ಇಲ್ಲಿ ಊರೂರಿನಲ್ಲಿ ಆಗಬೇಕಿದೆ.

ಅದಕ್ಕೆ ಅವಸರವೂ ಇದೆ. ನಮ್ಮ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಕಾಯಿ ಕೂಡಿಡುವ ಜಾಗ. ಬಲಿತ ಕಾಯಿ ಅಲ್ಲೇ ಹೆಚ್ಚುಕಡಿಮೆ ವರ್ಷ ಕಾಲ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅದರ ಮೂಲೆಯಲ್ಲೇ ಅಜ್ಜನ ಪೆಟ್ಟಿಗೆ, ಲೆಕ್ಕದ ಪುಸ್ತಕ, ಕೈಬರಹದ ಪ್ರಸಂಗ, ಜೈನರ ಮನೆಗಳಲ್ಲಾದರೆ ಓಲೆಗರಿ ಕಟ್ಟು, ಪೂಜಾಪಾಠದ ಹಸ್ತಪ್ರತಿ, ಬಸದಿಯ ಉತ್ಸವದ ಹಳೆಯ ಫೋಟೋ ಇರುವುದುಂಟು. ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಮೊದಲು ಖಾಲಿಯಾಗುವುದು ಆ ಅಟ್ಟ. ಕಂಬ, ಬಾಗಿಲುಗಳಿಗೆ ಬೆಲೆ ಕಟ್ಟುವವರು ಬರುತ್ತಾರೆ. ಕಾಗದಕ್ಕೆ ಯಾರೂ ಬರುವುದಿಲ್ಲ.

ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜೈನ ಸಮಾಜದಲ್ಲೇ ದೊಡ್ಡ ಉದಾಹರಣೆಯಿದೆ. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಗರಿ ಪ್ರತಿಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟಿದ್ದರಿಂದಲೇ 1939ರಿಂದ ಆ ಗ್ರಂಥ ಅಚ್ಚಾಗಿ ಎಲ್ಲರ ಕೈಗೆ ಬರತೊಡಗಿತು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತುವ ಪದ್ಧತಿ ಪೂಜೆಯೂ ಹೌದು, ಸಂರಕ್ಷಣೆಯೂ ಹೌದು. ಆ ದಿನ ಶಾಸ್ತ್ರದ ಜೊತೆಗೆ ಮನೆಯ ಇತರ ಹಳೆಯ ಕಾಗದಗಳನ್ನೂ ಪರಿಶೀಲಿಸುವ ರೂಢಿ ಹಾಕಿಕೊಳ್ಳಬಹುದು.

ಕುಟುಂಬಗಳು ಮಾಡಬಹುದಾದದ್ದು

• ಮನೆ ಕೆಡವುವ ಮೊದಲು ಪ್ರತಿ ಕೋಣೆ, ಅಟ್ಟ, ಜಗುಲಿ, ದೇವರಮನೆಯ ಫೋಟೋ ತೆಗೆದಿಡಿ. ಯಾವ ಕೋಣೆಯಲ್ಲಿ ಯಾರು ಏನು ಮಾಡುತ್ತಿದ್ದರೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ.

• ಹಳೆಯ ಫೋಟೋದಲ್ಲಿ ಇರುವವರ ಹೆಸರು, ಊರು, ವರ್ಷವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಫೋಟೋದ ಹಿಂದೆ ಪೆನ್ನಿನಿಂದ ಬರೆಯಬೇಡಿ.

• ಕಾಗದ, ಓಲೆಗರಿಗಳನ್ನು ಕೊಬ್ಬರಿಯ ಅಟ್ಟದಿಂದ ಬೇರೆ ಕಡೆ ಇಡಿ. ಕೊಬ್ಬರಿಗೆ ಬರುವ ಹುಳು, ಇಲಿಗಳ ಕಾಟ ಅವಕ್ಕೂ ತಗಲುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಒಣ ಜಾಗದಲ್ಲಿಡಿ.

• ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಎರಡೂ ಕಾಲಕ್ರಮದಲ್ಲಿ ಹಾಳೆಯನ್ನು ಕೆಡಿಸುತ್ತವೆ.

• ಹಾಡು, ಪದ, ಸೋಬಾನೆ ಬಲ್ಲ ಹಿರಿಯರಿದ್ದರೆ ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಿ. ಆರಂಭದಲ್ಲಿ ಅವರ ಹೆಸರು, ಊರು, ದಿನಾಂಕ ಹೇಳಿಸಿ.

• ಹಸ್ತಪ್ರತಿ ಓದಲು ಬಾರದಿದ್ದರೆ ಬಿಸಾಡಬೇಡಿ. ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆ ಅಥವಾ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಿಳಿದವರನ್ನು ವಿಚಾರಿಸಿ.

ದೊಡ್ಡ ಮನೆಯಿರುವವರು ಒಂದು ಕೋಣೆಯನ್ನಾದರೂ ಹಳೆಯದಾಗಿಯೇ ಬಿಡಬಹುದು. ಅದಾಗದಿದ್ದರೆ ಊರಿನ ಬಸದಿಯ ಸಭಾಭವನದಲ್ಲಿ ಎಲ್ಲ ಮನೆಗಳ ವಸ್ತುಗಳಿಗೆ ಒಂದು ಕಪಾಟು ಇಡಬಹುದು. ಯಾವ ವಸ್ತು ಯಾರ ಮನೆಯದು ಎಂದು ನೋಂದಣಿ ಪುಸ್ತಕದಲ್ಲಿ ಬರೆದಿದ್ದರೆ ಮುಂದೆ ಮನಸ್ತಾಪವೂ ಬರುವುದಿಲ್ಲ.

ತಲುಪುವುದು ಹೇಗೆ

ತಿಪಟೂರಿನಿಂದ ಅರಸೀಕೆರೆ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಮಾರ್ಗವಾಗಿ ಉಪ್ಪಿನಂಗಡಿ ತಲುಪಿದರೆ ಅಲ್ಲಿಂದ ಪುತ್ತೂರು ಸುಮಾರು 12 ಕಿ.ಮೀ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಹಾಸನಕ್ಕೆ ಬಂದು ಇದೇ ದಾರಿ ಹಿಡಿಯಬಹುದು. ರೈಲಿನಲ್ಲಿ ಬರುವವರಿಗೆ ಅರಸೀಕೆರೆ, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮಾರ್ಗದಲ್ಲಿ ಕಬಕ ಪುತ್ತೂರು ನಿಲ್ದಾಣ ಇದೆ. ಪುತ್ತೂರಿನಿಂದ ಮಂಗಳೂರು ಸುಮಾರು 50 ಕಿ.ಮೀ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ಹೊರಡುವ ಮೊದಲು ರಸ್ತೆಯ ಸ್ಥಿತಿಯನ್ನೂ ಬಾಲವನ ತೆರೆದಿರುವ ಸಮಯವನ್ನೂ ವಿಚಾರಿಸಿಕೊಳ್ಳುವುದು ಕ್ಷೇಮ. ಹೆಚ್ಚು ದಿನ ಇರುವವರು ಮೂಡಬಿದಿರೆ, ಕಾರ್ಕಳದ ದರ್ಶನದ ಬಳಿಕ ಉಡುಪಿ ದಾಟಿ ಕೋಟತಟ್ಟುವಿನಲ್ಲಿರುವ ಕಾರಂತ ಥೀಮ್ ಪಾರ್ಕನ್ನೂ ನೋಡಬಹುದು.