ಹಳ್ಳಿಮೈಸೂರಿನ ಸುತ್ತಮುತ್ತ: ಮರ, ಹೊಳೆ, ಕಲ್ಲುಗಳಲ್ಲಿ ಅಡಗಿರುವ ಊರ ಹೆಸರುಗಳು

ಹಾಸನ ಜಿಲ್ಲೆಯ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ಹಳ್ಳಿಮೈಸೂರು ಎಂಬ ಊರಿದೆ. ಇದು ಹೊಳೆನರಸೀಪುರ ತಾಲೂಕಿನ ಒಂದು ಹೋಬಳಿ ಕೇಂದ್ರ. ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿ ಹಾಸನದ ಕಡೆ ಹೋಗುವ ನಮ್ಮವರಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಗೊತ್ತು. ಹಳ್ಳಿಮೈಸೂರಿನಲ್ಲಿ ಬಸ್ಸು ಇಳಿಯುವವರು ಕಡಿಮೆ. ಆದರೆ ಊರಿನ ಹೆಸರುಗಳ ಮೂಲಕ ಚರಿತ್ರೆಯನ್ನು ಹುಡುಕಬೇಕು ಎನ್ನುವವರಿಗೆ ಈ ಸೀಮೆಯಷ್ಟು ಸಮೃದ್ಧವಾದ ಜಾಗ ಅಪರೂಪ. ನಮ್ಮ ಧರ್ಮಕೇಂದ್ರಗಳಲ್ಲಿ ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸುವವರಿಗೂ ಯುವಜನರನ್ನು ಪ್ರವಾಸ ಕರೆದೊಯ್ಯುವವರಿಗೂ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲು ಊರಿನ ಹೆಸರನ್ನೇ ನೋಡೋಣ. ಹಳ್ಳಿಮೈಸೂರು ಎಂದರೆ ಹಳ್ಳಿಯಾಗಿರುವ ಮೈಸೂರು. ಒಂದೇ ಹೆಸರಿನ ಎರಡು ಊರುಗಳಿದ್ದಾಗ ಒಂದಕ್ಕೆ ಗುರುತಿನ ಪದ ಸೇರಿಸುವುದು ನಮ್ಮ ಜನರ ವಾಡಿಕೆ. ಪಕ್ಕದ ಹೊಳೆನರಸೀಪುರವೂ ಹಾಗೆಯೇ. ಹೇಮಾವತಿ ಹೊಳೆಯ ದಡದಲ್ಲಿರುವ ನರಸೀಪುರ ಹೊಳೆನರಸೀಪುರವಾಯಿತು. ಕಾವೇರಿ, ಕಪಿಲೆಗಳು ಕೂಡುವಲ್ಲಿರುವ ಮೈಸೂರು ಜಿಲ್ಲೆಯ ನರಸೀಪುರ ತಿರುಮಕೂಡಲು ನರಸೀಪುರವಾಯಿತು. ರಾಜಧಾನಿಯ ಹೆಸರನ್ನೇ ಹೊತ್ತ ಊರಿಗೆ ಹಳ್ಳಿ ಎಂಬ ಗುರುತು ಬಿದ್ದದ್ದು ಸಹಜ.

ಇನ್ನು ಮೈಸೂರು. ಮಹಿಷನ ಊರು ಮೈಸೂರಾಯಿತು ಎಂಬುದು ಎಲ್ಲರೂ ಕೇಳಿರುವ ಮಾತು. ಶ್ರೀಲಂಕಾದ ಮಹಾವಂಸದಲ್ಲಿ ಅಶೋಕನ ಕಾಲದಲ್ಲಿ ಮಹಿಷಮಂಡಲಕ್ಕೆ ಬೌದ್ಧ ಧರ್ಮಪ್ರಚಾರಕರನ್ನು ಕಳುಹಿಸಿದ ಉಲ್ಲೇಖವಿದೆ. ಅದು ಈ ಮೈಸೂರು ಸೀಮೆಯೇ ಎಂದು ಕೆಲವು ವಿದ್ವಾಂಸರು ಹೇಳಿದರೆ, ನರ್ಮದೆಯ ದಡದ ಮಾಹಿಷ್ಮತಿ ಎಂದು ಇನ್ನು ಕೆಲವರು ಹೇಳುತ್ತಾರೆ. ಹಳೆಯ ತಮಿಳು ಸಂಗಮ ಸಾಹಿತ್ಯದಲ್ಲಿ ಬರುವ ಎರುಮೈ ಎಂಬ ಸೀಮೆಯನ್ನೂ ಹಲವರು ಮೈಸೂರಿನ ಜೊತೆ ಜೋಡಿಸುತ್ತಾರೆ. ತಮಿಳಿನ ಎರುಮೈ ಎಂದರೆ ಎಮ್ಮೆ. ಇದನ್ನು ಅರ್ಥಮಾಡಿಕೊಳ್ಳಲು ತುಳು ಬಲ್ಲ ನಮಗೆ ನಿಘಂಟು ಬೇಡ. ನಮ್ಮ ಎರ್ಮೆ, ಕಂಬಳದ ಎರ್ಲು ಎಲ್ಲವೂ ಅದೇ ಕುಟುಂಬದ ಮಾತುಗಳು. ಪುರಾಣದ ಅಸುರನನ್ನು ಒಂದು ಕ್ಷಣ ಬದಿಗಿಟ್ಟರೆ, ಈ ಹೆಸರಿನ ಹಿಂದೆ ಎಮ್ಮೆ ಮೇಯಿಸುತ್ತಿದ್ದ ಜನರ ನಾಡೊಂದು ಕಾಣಿಸುತ್ತದೆ.

ಪಳ್ಳಿ, ಹಳ್ಳಿ ಮತ್ತು ಇಗರ್ಜಿ

ಹಳ್ಳಿ ಎಂಬ ಪದದ ಕತೆ ಇನ್ನೂ ಸ್ವಾರಸ್ಯಕರ. ಹಳೆಗನ್ನಡದಲ್ಲಿ ಇದು ಪಳ್ಳಿ. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಮೆಲ್ಲಗೆ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಗೆ ಹೊಗೆಯಾಯಿತು. ತುಳು ಮಾತ್ರ ತನ್ನ ಪಕಾರವನ್ನು ಬಿಡಲಿಲ್ಲ. ಪಿಲಿವೇಷದ ಪಿಲಿ, ದೇವರಿಗೆ ಇಡುವ ಪೂ ಇಂದಿಗೂ ಹಾಗೆಯೇ ಇವೆ. ಅರಕಲಗೂಡು ತಾಲೂಕಿನ ರೈತರು ಬೆಳೆದು ರಾಮನಾಥಪುರದ ಹರಾಜು ಕಟ್ಟೆಗೆ ತರುವ ಹೊಗೆಸೊಪ್ಪಿಗೆ ನಮ್ಮ ತುಳುವಿನಲ್ಲಿ ಪುಗೆರೆ ಎನ್ನುತ್ತಾರೆ. ಎರಡರಲ್ಲಿಯೂ ಇರುವುದು ಒಂದೇ ಹೊಗೆ.

ಇದೇ ಪಳ್ಳಿ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ದಾರಿ ಹಿಡಿಯಿತು. ತಮಿಳಿನಲ್ಲಿ ಅದು ಜೈನ, ಬೌದ್ಧ ಮುನಿಗಳ ವಾಸಸ್ಥಾನಕ್ಕೂ ಅಲ್ಲಿಂದ ಮುಂದೆ ಶಾಲೆಗೂ ಹೆಸರಾಯಿತು. ಕೇರಳದಲ್ಲಿ ಪಳ್ಳಿ ಎಂದರೆ ಕ್ರೈಸ್ತರ ದೇವಾಲಯ, ಮಸೀದಿಯೂ ಹೌದು. ನಮ್ಮ ಬ್ಯಾರಿ ಸಹೋದರರು ಮಸೀದಿಗೆ ಪಳ್ಳಿ ಎನ್ನುತ್ತಾರೆ. ಕಾರ್ಕಳ ತಾಲೂಕಿನಲ್ಲಿ ಪಳ್ಳಿ ಎಂಬ ಹೆಸರಿನ ಗ್ರಾಮವೇ ಇದೆ. ಘಟ್ಟದ ಮೇಲೆ ಅದು ಬರೀ ಹಳ್ಳಿ, ಜನ ವಾಸಿಸುವ ಜಾಗ. ನಾವು ಕೊಂಕಣಿಯಲ್ಲಿ ದೇವಾಲಯಕ್ಕೆ ಬಳಸುವ ಇಗರ್ಜ್ ಎಂಬ ಪದವಾದರೂ ಪೋರ್ಚುಗೀಸರ ಮೂಲಕ ಬಂದ ಗ್ರೀಕ್ ಪದ. ಅದರ ಮೂಲ ಅರ್ಥ ಕೂಡಿದ ಜನ, ಸಭೆ. ಒಂದು ಪದ ವಾಸಸ್ಥಾನದಿಂದ ಪ್ರಾರ್ಥನಾಮಂದಿರಕ್ಕೆ ಬಂತು, ಇನ್ನೊಂದು ಜನರ ಕೂಟದಿಂದ ಕಟ್ಟಡಕ್ಕೆ ಬಂತು. ಎರಡರಲ್ಲಿಯೂ ಮೊದಲು ಇದ್ದದ್ದು ಜನ, ಗೋಡೆಗಳು ಆಮೇಲೆ ಬಂದವು ಎಂಬುದು ಗಮನಿಸಬೇಕಾದ ಅಂಶ.

ಪಕಾರ ಹಕಾರವಾದದ್ದಕ್ಕೆ ಸಾಕ್ಷಿ ಬೇಕೆಂದರೆ ಇದೇ ಜಿಲ್ಲೆಯ ಹಲ್ಮಿಡಿಯನ್ನು ನೆನೆಯಬೇಕು. ಬೇಲೂರು ತಾಲೂಕಿನ ಈ ಗ್ರಾಮದಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನವನ್ನು ಸುಮಾರು ಕ್ರಿ.ಶ. 450ರದ್ದೆಂದು ಗಣಿಸುತ್ತಾರೆ. ಅದರಲ್ಲಿ ದಾನವಾಗಿ ಕೊಟ್ಟ ಊರಿನ ಹೆಸರು ಪಕಾರದಿಂದಲೇ ಆರಂಭವಾಗುತ್ತದೆ. ಕಲ್ಲಿನ ಮೇಲಿನ ಪಕಾರ, ಊರಿನವರ ಬಾಯಲ್ಲಿರುವ ಹಕಾರ, ಇವೆರಡರ ನಡುವೆ ಒಂದೂವರೆ ಸಾವಿರ ವರ್ಷ.

ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಹೆಸರನ್ನು ಇಡೀ ದೇಶ ಕೇಳಿದೆ. ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರು 1933ರಲ್ಲಿ ಹುಟ್ಟಿದ ಊರು ಅದು. ಹರದ ಎಂದರೇನು ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಹಳೆಯ ರೂಪ ಪರದ, ಅಂದರೆ ವ್ಯಾಪಾರಿ. ಪದ ಬಳಕೆಯಿಂದ ಹೋಗಿದೆ, ಊರಿನ ಹೆಸರಿನಲ್ಲಿ ಉಳಿದಿದೆ.

ಎರಡು ಹಿಪ್ಪೆಗಳು

ಹೊಳೆನರಸೀಪುರ ತಾಲೂಕಿನಲ್ಲಿಯೇ ಮೂಡಲಹಿಪ್ಪೆ, ಪಡುವಲಹಿಪ್ಪೆ ಎಂಬ ಎರಡು ಊರುಗಳಿವೆ. ಮೂಡಲು ಎಂದರೆ ಪೂರ್ವ, ಪಡುವಲು ಎಂದರೆ ಪಶ್ಚಿಮ. ಮೂಡುಬಿದಿರೆ, ಪಡುಬಿದ್ರಿಗಳನ್ನು ಬಲ್ಲ ನಮಗೆ ಈ ಜೋಡಿ ಹೊಸದಲ್ಲ. ನಮ್ಮಲ್ಲಿ ಬಿದಿರು, ಅಲ್ಲಿ ಹಿಪ್ಪೆ.

ಹಿಪ್ಪೆ ದೊಡ್ಡದಾಗಿ ಹರಡುವ ಮರ. ಹೊಳೆಯ ದಡಗಳಲ್ಲಿ, ಹಳೆಯ ರಸ್ತೆಗಳ ಬದಿಯಲ್ಲಿ ಕಾಣಸಿಗುತ್ತದೆ. ಬೇಸಿಗೆಯಲ್ಲಿ ಸಿಹಿಯಾದ ಹೂ ಉದುರಿಸುತ್ತದೆ. ಬೀಜದಿಂದ ಎಣ್ಣೆ ತೆಗೆದು ದೀಪಕ್ಕೂ ಸಾಬೂನಿಗೂ ಬಳಸುತ್ತಿದ್ದರು. ವಿದ್ಯುತ್ತು, ಸೀಮೆಎಣ್ಣೆಗಳು ಬರುವ ಮುಂಚೆ ಇಂತಹ ಮರ ಇರುವ ಊರಿಗೆ ಅದರ ಹೆಸರು ಬಂದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಹಿಂಡಿ ಉಳಿದ ಸಿಪ್ಪೆಗೂ ಹಿಪ್ಪೆ ಎನ್ನುತ್ತೇವೆ. ಆದರೆ ದಿಕ್ಕಿನ ಹೆಸರಿನೊಡನೆ ಜೋಡಿಯಾಗಿ ಬಂದಿರುವ ಇಲ್ಲಿ ಮರವೇ ಸರಿಹೊಂದುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪಕಾರ ಹಕಾರವಾಯಿತು ಎಂಬ ನಿಯಮ ತಿಳಿದ ಉತ್ಸಾಹದಲ್ಲಿ ಹಿಪ್ಪೆ ಹಿಂದೆ ಪಿಪ್ಪೆಯಾಗಿತ್ತು ಎಂದು ಹೇಳಿಬಿಡುವವರಿದ್ದಾರೆ. ಅದು ತಪ್ಪು. ಇದೇ ಮರಕ್ಕೆ ಕನ್ನಡದಲ್ಲಿ ಇಪ್ಪೆ ಎಂದೂ ತೆಲುಗಿನಲ್ಲಿ ಇಪ್ಪ ಎಂದೂ ತಮಿಳಿನಲ್ಲಿ ಇಲುಪ್ಪೈ ಎಂದೂ ಹೆಸರು. ಇಲ್ಲಿ ಹಕಾರ ಹೊಸದಾಗಿ ಮುಂದೆ ಬಂದು ಅಂಟಿಕೊಂಡಿದೆ. ನೆರೆಯ ಭಾಷೆಗಳನ್ನು ಕೇಳದೆ ಒಂದು ನಿಯಮವನ್ನು ಎಲ್ಲ ಕಡೆಗೂ ಎಳೆಯಬಾರದು. ಹಾಗೆಯೇ ಇನ್ನೊಂದು. ಹಳೆಯ ಗ್ಯಾಸೆಟಿಯರುಗಳು ಹೇಮಾವತಿಗೆ ಎಣ್ಣೆಹೊಳೆ ಎಂಬ ಇನ್ನೊಂದು ಹೆಸರನ್ನು ಕೊಡುತ್ತವೆ. ದಡದಲ್ಲಿ ಹಿಪ್ಪೆ, ಹಿಪ್ಪೆಯಲ್ಲಿ ಎಣ್ಣೆ, ಆದ್ದರಿಂದ ಎಣ್ಣೆಹೊಳೆ ಎಂದು ಪೋಣಿಸುವುದು ಸುಲಭ. ಆದರೆ ಕಾರ್ಕಳದ ಬಳಿಯೂ ಒಂದು ಎಣ್ಣೆಹೊಳೆ ಇದೆಯಲ್ಲ. ಸದ್ದಿಲ್ಲದೆ ಎಣ್ಣೆಯಂತೆ ಹರಿಯುವ ನೀರನ್ನು ನೋಡಿಯೂ ಜನ ಹೀಗೆ ಕರೆದಿರಬಹುದು.

ಅರಕಲಗೂಡಿನ ಸ್ಥಳಪುರಾಣ ಗೌತಮ ಋಷಿಗಳು ಅಲ್ಲಿ ಅರ್ಕೇಶ್ವರನನ್ನು ಪ್ರತಿಷ್ಠಾಪಿಸಿದರೆಂದೂ ಊರು ಅರ್ಕಪುರಿ ಎನಿಸಿತೆಂದೂ ಹೇಳುತ್ತದೆ. ಅರ್ಕ ಎಂದರೆ ಸೂರ್ಯ. ಎಕ್ಕದ ಗಿಡಕ್ಕೂ ಅರ್ಕ ಎಂದು ಹೆಸರು. ರಥಸಪ್ತಮಿಯ ದಿನ ಹಿಂದೂ ಬಾಂಧವರು ಎಕ್ಕದ ಎಲೆಯನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುವುದು ಈ ಸಂಬಂಧದಿಂದಲೇ. ಕನ್ನಡದ ಎಕ್ಕ, ತಮಿಳಿನ ಎರುಕ್ಕು, ಸಂಸ್ಕೃತದ ಅರ್ಕ ಇವುಗಳಲ್ಲಿ ಯಾವುದು ಯಾವುದರಿಂದ ಬಂತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸ್ಥಳಪುರಾಣ ಹೆಸರಿನ ತಲೆಯನ್ನು ವಿವರಿಸುತ್ತದೆ, ಬಾಲವನ್ನು ಬಿಟ್ಟುಬಿಡುತ್ತದೆ. ಗೂಡು ಅಚ್ಚ ಕನ್ನಡ ಪದ. ಈಗಿನ ಪಟ್ಟಣವನ್ನು 1568ರ ಸುಮಾರಿಗೆ ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಕಟ್ಟಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ.

ಚನ್ನರಾಯಪಟ್ಟಣದ ಹಳೆಯ ಹೆಸರು ಕೊಳತ್ತೂರು. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಇದನ್ನು ವಶಪಡಿಸಿಕೊಂಡು ಚನ್ನರಾಯಸ್ವಾಮಿಯ ಗುಡಿ ಕಟ್ಟಿಸಿದ ಮೇಲೆ ಹೆಸರು ಬದಲಾಯಿತು. ಕೊಳ ಹೋಗಿ ದೇವರ ಹೆಸರು ಬಂತು. ಅದೇ ತಾಲೂಕಿನ ಶ್ರವಣಬೆಳಗೊಳದಲ್ಲಿ ಹೀಗಾಗಲಿಲ್ಲ. ಬೆಳ್ ಎಂದರೆ ಬಿಳಿ, ಅದಕ್ಕೆ ಕೊಳ ಸೇರಿ ಬೆಳ್ಗೊಳ. ಎರಡು ಬೆಟ್ಟಗಳ ನಡುವಿನ ಆ ಕೊಳ ಇಂದಿಗೂ ಊರಿನ ಮಧ್ಯದಲ್ಲಿದೆ. ವಿಂಧ್ಯಗಿರಿ, ಚಂದ್ರಗಿರಿ ಎಂದು ಫಲಕಗಳಲ್ಲಿ ಬರೆದಿದ್ದರೂ ಊರವರಿಗೆ ಅವು ದೊಡ್ಡಬೆಟ್ಟ, ಚಿಕ್ಕಬೆಟ್ಟ.

ಪದ ಒಂದೇ ಇದ್ದು ನೆಲ ಬದಲಾದಾಗ ಅರ್ಥ ಬದಲಾಗುವುದಕ್ಕೆ ಕೋಡಿ ಒಳ್ಳೆಯ ಉದಾಹರಣೆ. ಕುಂದಾಪುರದ ಕೋಡಿ ಸಮುದ್ರಕ್ಕೆ ಚಾಚಿದ ನೆಲದ ತುದಿ. ಹಾಸನದ ಕಡೆ ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ ಕೋಡಿ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಆಲೂಗೆಡ್ಡೆಯದ್ದು ಇದಕ್ಕೆ ವಿರುದ್ಧ. ಹಾಸನದ ರೈತ ಮೇ ತಿಂಗಳಲ್ಲಿ ಜಲಂಧರಿನ ಬಿತ್ತನೆ ಗೆಡ್ಡೆ ತಂದು ಅಂಗಮಾರಿಗೆ ಹೆದರುತ್ತ ಬೆಳೆಯುವುದು ಆಲೂಗೆಡ್ಡೆ, ನಮ್ಮ ಸಾರಿಗೆ ಬೀಳುವಾಗ ಅದು ಪೋರ್ಚುಗೀಸರ ಬಟಾಟೆ.

ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿ

ಈ ಸೀಮೆಯಲ್ಲಿ ಕ್ರೈಸ್ತರಾದ ನಮಗೆ ಹತ್ತಿರವಾದ ಜಾಗ ಹಾಸನ ತಾಲೂಕಿನ ಶೆಟ್ಟಿಹಳ್ಳಿ. ಸಂಸ್ಕೃತದ ಶ್ರೇಷ್ಠಿ ಕನ್ನಡದಲ್ಲಿ ಸೆಟ್ಟಿಯಾಗಿ ಶೆಟ್ಟಿಯಾಯಿತು. ಇದೂ ಹರದನಹಳ್ಳಿಯಂತೆ ವ್ಯಾಪಾರಿಯ ಹಳ್ಳಿಯೇ. 19ನೆಯ ಶತಮಾನದಲ್ಲಿ ಮೈಸೂರು ಮಿಷನ್ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಕೈಯಲ್ಲಿತ್ತು. 1860ರ ದಶಕದಲ್ಲಿ ಅವರು ಹೇಮಾವತಿಯ ದಡದ ಈ ಊರಿನಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿದರು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಊರು ಖಾಲಿಯಾಯಿತು. ಮಳೆಗಾಲದ ನಂತರ ನೀರು ಏರಿದಾಗ ದೇವಾಲಯದ ಅವಶೇಷ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ಪ್ರವಾಸಿಗರು ಫೋಟೋ ತೆಗೆದು ಹೋಗುತ್ತಾರೆ. ಕಮಾನುಗಳ ಸೌಂದರ್ಯದ ಬಗ್ಗೆ ಎಷ್ಟೋ ಬರೆದಾಗಿದೆ. ಅಲ್ಲಿದ್ದ ಜನರ ಬಗ್ಗೆ ಬರೆದದ್ದು ಬಹಳ ಕಡಿಮೆ.

ಒಕ್ಕಲೆದ್ದ ಕುಟುಂಬಗಳು ನೆಲೆಸಿದ ಹೊಸ ಊರುಗಳ ಹೆಸರುಗಳನ್ನು ಕೇಳಿ: ಮರಿಯಾನಗರ, ಜೋಸೆಫ್‌ನಗರ. ಈ ಹೆಸರುಗಳಲ್ಲಿ ಮರವಿಲ್ಲ, ಹೊಳೆಯಿಲ್ಲ, ಹಳೆಯ ವ್ಯಾಪಾರಿಯೂ ಇಲ್ಲ. ಊರು ಬಿಟ್ಟು ಬಂದವರು ಜೊತೆಗೆ ತರಲು ಸಾಧ್ಯವಾದದ್ದು ಸಂತರ ಹೆಸರು ಮಾತ್ರ. ಮುಳುಗಿದ ಊರಿನಲ್ಲಿ ಪ್ರತಿ ಗದ್ದೆಗೆ, ಕಟ್ಟೆಗೆ, ದಾರಿ ಕವಲಿಗೆ ಒಂದೊಂದು ಹೆಸರು ಇದ್ದೇ ಇರುತ್ತದೆ. ಊರಿನ ಹೆಸರಾದರೆ ಸರಕಾರಿ ಕಡತದಲ್ಲಿ ಉಳಿಯುತ್ತದೆ, ಗದ್ದೆಯ ಹೆಸರು ಉಳಿಯುವುದು ಅದನ್ನು ಉತ್ತವರ ಬಾಯಲ್ಲಿ. ಆ ಪೀಳಿಗೆಯವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಇಂತಹ ಹೆಸರುಗಳನ್ನು ಬರೆದಿಡುವ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಫಲಕದಲ್ಲಿರುವ ಹೆಸರಿಗಿಂತ ಮೊದಲು ಊರಿನ ಹಿರಿಯರು ಉಚ್ಚರಿಸುವ ರೂಪವನ್ನು ಕೇಳಿಸಿಕೊಂಡು ಹಾಗೆಯೇ ಬರೆಯಬೇಕು. ಆಮೇಲೆ ನೆಲ ನೋಡಬೇಕು: ಹೆಸರಿನಲ್ಲಿ ಕೆರೆ ಇದ್ದರೆ ಕೆರೆ ಎಲ್ಲಿ, ಮರ ಇದ್ದರೆ ಮರ ಈಗಲೂ ಇದೆಯೇ. ಊರ ಬಾಗಿಲಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು ನಿಂತಿದ್ದರೆ ಅದರಲ್ಲಿ ಬರಹವಿದೆಯೇ ಎಂದು ಗಮನಿಸಬೇಕು. ಸುಣ್ಣ, ಬಣ್ಣ ಬಳಿಯಬಾರದು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿಯೇ ಪ್ರಕಟಿಸಿದ್ದರಿಂದ ಹಳೆಯ ರೂಪ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ನಮ್ಮ ಧರ್ಮಕೇಂದ್ರಗಳ ಹಳೆಯ ಜ್ಞಾನಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳೂ ಇದಕ್ಕೆ ದೊಡ್ಡ ಆಸ್ತಿ. ವಿದೇಶಿ ಗುರುಗಳು ಬರೆದ ಊರ ಹೆಸರು ವಿಚಿತ್ರವಾಗಿ ಕಂಡರೆ ತಿದ್ದಲು ಹೋಗಬಾರದು. ಅವರ ಕಿವಿಗೆ ಆ ದಿನ ಬಿದ್ದ ಸದ್ದು ಅದಾಗಿರಬಹುದು.

ನಿಘಂಟುಗಳ ವಿಷಯದಲ್ಲಿ ಮಂಗಳೂರು ಭಾಗ್ಯಶಾಲಿ. ಯೇಸುಸಭೆಯ ಫಾದರ್ ಮಾಫೆಯಿ ಅವರ ಕೊಂಕಣಿ ನಿಘಂಟು 1883ರಲ್ಲಿ, ಬಾಸೆಲ್ ಮಿಷನ್ನಿನ ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾದವು. ಘಟ್ಟದ ಮೇಲಿನ ಊರೊಂದರ ಹೆಸರು ಅರ್ಥವಾಗದಿದ್ದಾಗ ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಎಷ್ಟೋ ಸಲ ತುಳುವಿನಲ್ಲಿಯೇ ಉತ್ತರ ಸಿಗುತ್ತದೆ.

ಹೋಗುವವರಿಗೆ: ಹಾಸನದಿಂದ ಮೈಸೂರಿಗೆ ಹೋಗುವ ರೈಲು ಮಾರ್ಗದಲ್ಲಿ ಹೊಳೆನರಸೀಪುರ ನಿಲ್ದಾಣವಿದೆ. ಅಲ್ಲಿಂದ ಅರಕಲಗೂಡು ರಸ್ತೆಯಲ್ಲಿ ಹಳ್ಳಿಮೈಸೂರು. ಶೆಟ್ಟಿಹಳ್ಳಿಗೆ ಹಾಸನದಿಂದಲೇ ಹೋಗುವುದು ಅನುಕೂಲ. ದೇವಾಲಯದ ಒಳಗೆ ಕಾಲಿಡಬೇಕಾದರೆ ಬೇಸಿಗೆಯಲ್ಲಿ ಹೋಗಬೇಕು. ಗೋಡೆಗಳು ಶಿಥಿಲವಾಗಿವೆ, ಮಕ್ಕಳನ್ನು ಹತ್ತಲು ಬಿಡಬೇಡಿ.